ಎರಡು ಮುಷ್ಟಿ, ಎರಡು ನಿಂಬೆಹಣ್ಣು

ದೋಹಾದಲ್ಲಿ ನನ್ನನ್ನು ಮೊದಲ ಸಲ ನೆಲಕ್ಕೆ ಕೆಡವಿದವನು ನಮ್ಮ ಕಂಪನಿಯ ಸೇಫ್ಟಿ ಆಫೀಸರ್. ವಾರವಿಡೀ ಸೈಟಿನಲ್ಲಿ "ಜಾರಬೇಡಿ, ಬೀಳಬೇಡಿ, ಬೆಲ್ಟ್ ಕಟ್ಟಿಕೊಳ್ಳಿ" ಎಂದು ಕೂಗುವ ಮನುಷ್ಯ. ಶುಕ್ರವಾರ ಸಂಜೆ ಒಂದು ಹುಲ್ಲಿನ ಮೈದಾನದಲ್ಲಿ ನನ್ನ ತಲೆಗೆ ಕಬ್ಬಿಣದ ಜಾಲರಿ ಇರುವ ಹೆಲ್ಮೆಟ್ ಹಾಕಿಸಿದ. ಹೆಗಲ ಮೇಲೆ ಬುಟ್ಟಿಯಂಥ ಪ್ಯಾಡು ಕೂರಿಸಿದ. ಎದುರಿಗೆ ಬಂದು ಬಗ್ಗಿ ಒಂದು ಕೈ ನೆಲಕ್ಕೆ ಊರಿ, "ಬಾ, ನನ್ನನ್ನು ತಡೆ" ಎಂದ. ನಾನು ತಡೆಯಲು ಹೊರಟದ್ದು ನೆನಪಿದೆ. ಆಮೇಲೆ ಕಂಡದ್ದು ಆಕಾಶ. ಕತಾರಿನ ಆಕಾಶ ಅಷ್ಟು ಅಗಲವಾಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನನ್ನು ಕೆಡವುವುದು ಸುಲಭದ ಮಾತಲ್ಲ ಎಂಬುದನ್ನು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೆಜಮಾಡಿಯಲ್ಲಿ ನಮ್ಮ ಮನೆಯ ಬಾಗಿಲನ್ನು ನಾನು ಸ್ವಲ್ಪ ಓರೆಯಾಗಿಯೇ ದಾಟುತ್ತೇನೆ. ಮದುವೆಯ ದಿನ ಮಂಟಪದಲ್ಲಿ ನನ್ನ ಪಕ್ಕ ನಿಂತ ಮಮತಾ ಫೋಟೋದಲ್ಲಿ ಅರ್ಧವೇ ಬಿದ್ದಿದ್ದಾಳೆ. ಇಪ್ಪತ್ತರ ವಯಸ್ಸಿನಿಂದ ಕಬಡ್ಡಿ ಆಡಿದವನು ನಾನು. ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ನಮ್ಮೂರ ತಂಡದ ಕವರ್ ಆಟಗಾರ. ಅಂಚಿನಲ್ಲಿ ನಿಂತವನು ರೈಡರನ ಪಾದ ಹಿಡಿಯುತ್ತಾನೆ, ಜನ ಕೇಕೆ ಹಾಕುತ್ತಾರೆ. ಆ ಪಾದ ಜಾರಿಹೋಗದಂತೆ ಮೈಮೇಲೆ ಬಿದ್ದು ಸೊಂಟವನ್ನು ಅವುಚಿ ಹಿಡಿಯುವವನು ಕವರ್. ಮೈಕಿನಲ್ಲಿ ಹೆಸರು ಬರುವುದು ಪಾದ ಹಿಡಿದವನದು. ನಾನು ಧೂಳು ಕೊಡವಿಕೊಂಡು ನನ್ನ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೆ.

ನಮ್ಮ ಕಡೆ ಕಬಡ್ಡಿ ಆಡುವ ಹುಡುಗರಿಗೆಲ್ಲ ಒಂದೇ ಕನಸು. ಬ್ಯಾಂಕೋ ಪೊಲೀಸೋ ರೈಲ್ವೆಯೋ, ಕ್ರೀಡಾ ಕೋಟಾದಲ್ಲಿ ಕರೆದು ಕೆಲಸ ಕೊಡಬೇಕು. ನಾನೂ ಆಯ್ಕೆಗೆ ಹೋದೆ, ಒಂದಲ್ಲ, ಹಲವು ಕಡೆ. ಮೈದಾನದ ಬದಿಯಲ್ಲಿ ನಮ್ಮನ್ನು ಕುಳ್ಳಿರಿಸಿ ಒಬ್ಬರು ಆಯ್ಕೆಯಾದವರ ಹೆಸರು ಓದುತ್ತಿದ್ದರು. ಓದಿ ಮುಗಿದ ಮೇಲೂ ನಾನು ಸ್ವಲ್ಪ ಹೊತ್ತು ಕೂತೇ ಇರುತ್ತಿದ್ದೆ, ಒಂದು ಹೆಸರು ಬಿಟ್ಟುಹೋಗಿರಬಹುದು ಎಂದು. "ನೀನು ಒಳ್ಳೆ ಆಡ್ತಿ ಮಾರಾಯ, ಆದ್ರೆ ನಮಗೆ ರೈಡರ್ ಬೇಕಾದದ್ದು" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಬೆನ್ನು ದೊಡ್ಡದಿತ್ತು, ತಟ್ಟಲು ಜಾಗಕ್ಕೆ ಕೊರತೆ ಇರಲಿಲ್ಲ. ಕೊನೆಗೆ ಒಂದು ದಿನ ಕಂಪನಿಯ ಸ್ಟೋರಿನಲ್ಲಿ ಕೆಲಸವಿದೆ ಎಂದು ಕತಾರಿನಿಂದ ವೀಸಾ ಬಂತು. ಕರೆದವರು ಅವರೊಬ್ಬರೇ ಆದ್ದರಿಂದ ಹೊರಟೆ.

ನಾನು ಬಂದಿಳಿದದ್ದು ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ. ಈ ಊರಿನಲ್ಲೇ ಇಂಡಿಯಾ ಕಬಡ್ಡಿಯಲ್ಲಿ ಚಿನ್ನ ಗೆದ್ದದ್ದನ್ನು ನೋಡಿದ ನಮ್ಮವರು ಇನ್ನೂ ಅದೇ ಗುಂಗಿನಲ್ಲಿದ್ದರು. ಅಲ್ ಮನ್ಸೂರಾದ ಒಂದು ಹಳೆಯ ಕಟ್ಟಡದಲ್ಲಿ, ಮನಿ ಎಕ್ಸ್‌ಚೇಂಜಿನ ಹಿಂದೆ, ನನಗೊಂದು ಮಂಚ ಸಿಕ್ಕಿತು. ಊರಿನಲ್ಲಿ ಮನೆ ಬಾಡಿಗೆಗೆ ಹಿಡಿಯುತ್ತೇವೆ, ಇಲ್ಲಿ ಮಂಚ ಹಿಡಿಯುತ್ತೇವೆ. ನನ್ನ ಅಳತೆಗೆ ಮಂಚ ಸಾಲದೆ ಕಾಲಿನ ಕಡೆಗೆ ಒಂದು ಸ್ಟೂಲು ಜೋಡಿಸಿಕೊಂಡೆ. ಕೋಣೆಯ ಹಿರಿಯರು ಭಾಸ್ಕರಣ್ಣ, ಕಾಪು ಕಡೆಯವರು. ಎ.ಸಿ. ರಿಪೇರಿಯ ಅಂಗಡಿಯಲ್ಲಿ ಕೆಲಸ, ಆದರೆ ನಿಜವಾದ ಉದ್ಯೋಗ ತುಳುವರ ಕಬಡ್ಡಿ ತಂಡದ ಕ್ಯಾಪ್ಟನ್‌ಗಿರಿ. ನನ್ನನ್ನು ಬಾಗಿಲಲ್ಲಿ ನೋಡಿದವರೇ ಪೆಟ್ಟಿಗೆ ಇಳಿಸಲೂ ಬಿಡದೆ ಕೇಳಿದರು, "ಕಾರ್ನರಾ, ಕವರಾ?"

ಭಾಷೆಯ ಮಾತು ಹೇಳಿದರೆ ನಗು ಬರುತ್ತದೆ. ಕೋಣೆಯೊಳಗೆ ತುಳು, ಊಟದ ಹೋಟೆಲಿನಲ್ಲಿ ಮಲಯಾಳಂ, ಸೈಟಿನ ಬಸ್ಸಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು, ಎಲ್ಲದರ ಮೇಲೆ ಒಗ್ಗರಣೆಯಂತೆ ಅರಬಿ. ಹೊರಡು ಎನ್ನಲು 'ಯಲ್ಲಾ', ಮುಗಿಯಿತು ಎನ್ನಲು 'ಖಲಾಸ್', ಇಲ್ಲ ಎನ್ನಲು 'ಮಾಫಿ'. ಸ್ಟೋರ್‌ಕೀಪರನಿಗೆ ಈ ಮೂರರಲ್ಲಿ ಕೊನೆಯ ಎರಡು ಇದ್ದರೆ ದಿನ ಸಾಗುತ್ತದೆ. ಕನ್ನಡ ಮಾತ್ರ ಬಾಯಿಗೆ ಬರುವುದು ಮಮತಾಳಿಗೆ ಫೋನ್ ಮಾಡುವಾಗ. ಅವಳು ಶಿರಸಿ ಕಡೆಯವಳು, ನಮ್ಮ ತುಳು ಅವಳಿಗೆ ಇನ್ನೂ ಪೂರ್ತಿ ಹತ್ತಿಲ್ಲ. ವಾರವಿಡೀ ಕನ್ನಡವನ್ನು ಕೂಡಿಟ್ಟು ಗುರುವಾರ ಸಂಜೆ ಖರ್ಚು ಮಾಡುತ್ತಿದ್ದೆ. ಕಾರ್ಡಿನ ಹಣ ಮುಗಿದು ಮಾತು ಅರ್ಧಕ್ಕೆ ತುಂಡಾದಾಗ ಎದೆ ಬರಿದಾದಂತೆ ಆಗುತ್ತಿತ್ತು.

ನಮ್ಮ ಸೈಟು ಲುಸೈಲಿನಲ್ಲಿ. ಈಗಿನ ಲುಸೈಲ್ ನೋಡಿದವರು ನಂಬಲಿಕ್ಕಿಲ್ಲ, ಆಗ ಅಲ್ಲಿ ಹೆಸರು ಬರೆದ ಒಂದು ಬೋರ್ಡು ಮತ್ತು ಕಣ್ಣು ಹಾಯುವವರೆಗೆ ಮರಳು. ಒಂದು ಬೆಳಿಗ್ಗೆ ನಮ್ಮ ಬಸ್ಸು ಮರಳಿನಲ್ಲಿ ಹೂತಿತು. ಎಲ್ಲರೂ ಇಳಿದು ಕೈ ಚಾಚಿ ತಳ್ಳಿದರು. ನಾನು ಕಬಡ್ಡಿಯ ಅಭ್ಯಾಸದಂತೆ ಮೊಣಕಾಲು ಮಡಿಸಿ ಕೆಳಗಿಳಿದು ಹೆಗಲು ಕೊಟ್ಟೆ. ಬಸ್ಸು ಕದಲಿತು. ತಿರುಗಿ ನೋಡಿದರೆ ಪಿಕಪ್ಪಿನ ಬಾಗಿಲಿಗೆ ಒರಗಿಕೊಂಡು ಸೇಫ್ಟಿ ಆಫೀಸರ್ ನನ್ನನ್ನೇ ನೋಡುತ್ತಿದ್ದ. ಹೆಸರು ಕರ್ಟಿಸ್, ಅಮೆರಿಕದ ಕರಿಯ ಮನುಷ್ಯ, ನನಗಿಂತಲೂ ಒಂದು ಗೇಣು ಎತ್ತರ, ನಡೆಯುವಾಗ ಎರಡೂ ಮೊಣಕಾಲು ಸ್ವಲ್ಪ ಕುಂಟು. ಅವನ ಇಂಗ್ಲಿಷನ್ನು ನಮ್ಮ ಮಾತಿಗೆ ತಂದು ಬರೆಯುತ್ತೇನೆ.

"ತಳ್ಳುವುದನ್ನು ನಿನಗೆ ಯಾರು ಕಲಿಸಿದರು?" ಎಂದು ಕೇಳಿದ.

"ಸರ್, ನಮ್ಮೂರ ಕಬಡ್ಡಿ" ಎಂದೆ.

"ಅದು ಏನೆಂದು ನನಗೆ ಗೊತ್ತಿಲ್ಲ. ಶುಕ್ರವಾರ ಖಾಲಿ ಇದ್ದೀಯಾ?"

ಶುಕ್ರವಾರ ಖಾಲಿ ಇಲ್ಲದವನು ಗಲ್ಫಿನಲ್ಲಿ ಯಾರಿದ್ದಾನೆ? ಹಾಗೆ ಹೋಗಿ ಆಕಾಶ ನೋಡಿದ್ದು.

ಅವರ ಆಟಕ್ಕೆ ಹೆಸರು ಫುಟ್‌ಬಾಲ್, ಆದರೆ ಕಾಲಿನಿಂದ ಒದೆಯುವುದು ಅಪರೂಪ. ತೆಂಗಿನಕಾಯಿ ಆಕಾರದ ಚೆಂಡು. ಒಬ್ಬ ಅದನ್ನು ಕೈಯಲ್ಲಿ ಹಿಡಿದು ಹಿಂದೆ ನಿಲ್ಲುತ್ತಾನೆ, ದೂರ ಓಡಿದ ತನ್ನವನಿಗೆ ಎಸೆಯಬೇಕು. ಎದುರಾಳಿಗಳು ಅವನು ಎಸೆಯುವುದರೊಳಗೆ ಬಂದು ಅವನನ್ನು ಕೆಡವಬೇಕು. ಹಾಗೆ ಕೆಡವದಂತೆ ಅವನ ಮುಂದೆ ಐದು ಮಂದಿ ಗೋಡೆಯಾಗಿ ನಿಲ್ಲುತ್ತಾರೆ. ಅವರು ಚೆಂಡು ಮುಟ್ಟುವುದಿಲ್ಲ. ನಡುವಿನವನು ಅದನ್ನು ಹಿಂದಕ್ಕೆ ಕೊಡುತ್ತಾನೆ, ಅಷ್ಟೆ. ಉಳಿದ ನಾಲ್ವರಿಗೆ ಚೆಂಡು ಯಾವ ಬಣ್ಣದ್ದು ಎಂದು ತಿಳಿಯದಿದ್ದರೂ ಆಟ ನಡೆಯುತ್ತದೆ. ಕರ್ಟಿಸ್ ತನ್ನ ದೇಶದಲ್ಲಿ ದುಡ್ಡಿಗೆ ಆಡಿದ್ದು ಈ ಗೋಡೆಯ ಜಾಗದಲ್ಲಿ. ಇಲ್ಲಿ ಅವನು ಕೋಚು. ತಂಡದಲ್ಲಿದ್ದವರು ಕಂಪೌಂಡುಗಳಲ್ಲಿ ವಾಸವಿದ್ದ ಅಮೆರಿಕದವರು, ಕೆನಡಾದವರು, ಒಂದಿಬ್ಬರು ಲೆಬನಾನಿನವರು. ಚೆಂಡು ಎಸೆಯುವವನು ಅಲ್ಲಿನ ಒಂದು ಶಾಲೆಯ ಮೇಷ್ಟ್ರು, ಊದಿದರೆ ಹಾರಿಹೋಗುವಂಥ ಶರೀರ. ನಾನೊಬ್ಬನೇ ಇಂಡಿಯದವನು. ನನ್ನನ್ನು ಕರೆದದ್ದು ಆಡಿಸಲಿಕ್ಕಲ್ಲ, ಉಳಿದವರು ಗುದ್ದಿ ಅಭ್ಯಾಸ ಮಾಡಲು ಒಂದು ದೊಡ್ಡ ಮೈ ಬೇಕಿತ್ತು ಎಂದು ನನಗೆ ಎರಡನೆಯ ವಾರ ಅರ್ಥವಾಯಿತು.

ಆದರೂ ಹೋಗುತ್ತಿದ್ದೆ. ಹೋಗಿಬರುವುದು ಕರ್ಟಿಸನ ಪಿಕಪ್ಪಿನಲ್ಲಿ. ಅಲ್ ಮನ್ಸೂರಾದಲ್ಲಿ ನಮ್ಮ ಕಟ್ಟಡದ ಕೆಳಗೆ ಅವನು ಗಾಡಿ ನಿಲ್ಲಿಸಿದರೆ ಅಂಗಡಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಅವನ ಕಥೆಯನ್ನು ಆ ದಾರಿಯಲ್ಲೇ ತುಂಡು ತುಂಡಾಗಿ ಕೇಳಿದೆ.

ಅವರ ದೇಶದಲ್ಲಿ ಕಾಲೇಜು ಮುಗಿಸಿದ ಆಟಗಾರರನ್ನು ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಆರಿಸುತ್ತವೆ. ಒಂದೊಂದಾಗಿ ಹೆಸರು ಕರೆಯುವುದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡುತ್ತದೆ. ಅವನ ತಾಯಿ ನೆಂಟರಿಷ್ಟರನ್ನೆಲ್ಲ ಕರೆದು ಅಡುಗೆ ಮಾಡಿಸಿದ್ದರಂತೆ. ಇವನು ಹೊಸ ಅಂಗಿ ತೊಟ್ಟು ಫೋನಿನ ಪಕ್ಕ ಕೂತ. ಹೆಸರುಗಳು ಬಂದವು, ಹೋದವು, ಕೊನೆಗೆ ಮುಗಿದವು. "ಅಮ್ಮ ಎದ್ದು ಟಿ.ವಿ. ಆರಿಸಿದಳು. ಅಡುಗೆ ಆರಿದೆ, ಬಿಸಿ ಮಾಡುತ್ತೇನೆ, ಎಲ್ಲರೂ ಊಟಕ್ಕೆ ಬನ್ನಿ ಅಂದಳು" ಎಂದ ಕರ್ಟಿಸ್. ಅವನು ರಸ್ತೆ ನೋಡುತ್ತಾ ಹೇಳುತ್ತಿದ್ದ. ನನಗೆ ಮೈದಾನದ ಬದಿಯಲ್ಲಿ ಹೆಸರು ಓದಿ ಮುಗಿದ ಮೇಲೂ ಕೂತಿರುತ್ತಿದ್ದ ನಾನೇ ಕಣ್ಣಿಗೆ ಬಂದೆ.

"ಆಮೇಲೆ?" ಎಂದೆ.

"ಆಮೇಲೆ ಒಂದು ತಂಡ ಫೋನ್ ಮಾಡಿತು. ಆರಿಸಿದ್ದೇವೆ ಎಂದಲ್ಲ. ಅಭ್ಯಾಸಕ್ಕೆ ಮೈಗಳು ಸಾಲುತ್ತಿಲ್ಲ, ಬಾ ಎಂದು. ಹೋದೆ. ಗುದ್ದಿಸಿಕೊಂಡೆ. ಒಂದು ದಿನ ಒಬ್ಬನ ಮೊಣಕಾಲು ಹೋಯಿತು, ನೀನು ನಿಲ್ಲು ಅಂದರು. ನಿಂತೆ. ಕೆಲವು ವರ್ಷ ನಿಂತೇ ಇದ್ದೆ, ನನ್ನ ಮೊಣಕಾಲು ಹೋಗುವವರೆಗೆ."

"ಜನರಿಗೆ ನಿಮ್ಮ ಹೆಸರು ಗೊತ್ತಾ?"

ಅವನು ಜೋರಾಗಿ ನಕ್ಕ. "ನನ್ನ ಬೀದಿಯವರಿಗೇ ಗೊತ್ತಿಲ್ಲ. ಆದರೆ ಕೇಳು ಜಗ್. ಪಂದ್ಯ ಮುಗಿದ ಮೇಲೆ ನಾನು ತಿರುಗಿ ನನ್ನ ಹಿಂದೆ ನಿಂತವನ ಅಂಗಿ ನೋಡುತ್ತಿದ್ದೆ. ಅವನ ಅಂಗಿಗೆ ಮಣ್ಣಾಗಿಲ್ಲ ಎಂದರೆ ಆ ದಿನ ನಾನು ಗೆದ್ದೆ ಎಂದು ಲೆಕ್ಕ."

ಜಗದೀಶ ಎಂಬ ಹೆಸರು ಅವನ ಬಾಯಲ್ಲಿ ಜಗ್ ಆಗಿ ನಿಂತಿತ್ತು. ಆ ಮಾತು ಕೇಳಿದ ದಿನ ನನಗೊಂದು ಹಟ ಹುಟ್ಟಿತು. ಇಷ್ಟು ದಿನ ಗುದ್ದಿಸಿಕೊಂಡದ್ದು ಸಾಕು, ಈ ಮನುಷ್ಯ ಹನ್ನೊಂದು ಮಂದಿಯ ಹೆಸರು ಓದುವಾಗ ಅದರಲ್ಲಿ ಒಂದು ನನ್ನದಾಗಬೇಕು. ಜೀವನದಲ್ಲಿ ಒಮ್ಮೆಯಾದರೂ ಯಾರಾದರೂ ಆರಿಸಿ ನನ್ನ ಹೆಸರು ಕೂಗಬೇಕು. ಚಳಿಗಾಲದ ಕೊನೆಗೆ ದುಬೈಯಿಂದ ಒಂದು ತಂಡ ಆಡಲು ಬರುವುದಿತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು.

ಬಲಕ್ಕೆ ಕೊರತೆ ಇರಲಿಲ್ಲ, ಓಟಕ್ಕೂ ಅಷ್ಟಾಗಿ ಇರಲಿಲ್ಲ. ತೊಂದರೆ ಇದ್ದದ್ದು ಕೈಯಲ್ಲಿ. ಆ ಗೋಡೆಯವರು ಎದುರಾಳಿಯ ಎದೆಗೆ ಕೈ ಕೊಟ್ಟು ತಳ್ಳಬಹುದು, ಆದರೆ ಹಿಡಿಯುವಂತಿಲ್ಲ. ಅಂಗಿಯನ್ನೋ ತೋಳನ್ನೋ ಹಿಡಿದರೆ ಅಂಪೈರು ಹಳದಿ ಬಟ್ಟೆ ಎಸೆಯುತ್ತಾನೆ, ಇಡೀ ತಂಡ ಹಿಂದಕ್ಕೆ ಹೋಗಬೇಕು. ನಾನೋ ಕಬಡ್ಡಿಯವನು! ಮೈ ಎದುರಿಗೆ ಬಂದರೆ ನನ್ನ ಬೆರಳುಗಳು ನನ್ನನ್ನು ಕೇಳುವುದಿಲ್ಲ. ಹಿಡಿಯುತ್ತವೆ. ಹಿಡಿದರೆ ಸೀಟಿ ಊದಿದರೂ ಬಿಡುವುದಿಲ್ಲ. ಮೊದಲ ಅಭ್ಯಾಸ ಪಂದ್ಯದಲ್ಲಿ ಒಬ್ಬ ಕೆನಡಾದವನ ಸೊಂಟವನ್ನು ತಬ್ಬಿಹಿಡಿದು ಅನಾಮತ್ತಾಗಿ ಎತ್ತಿ ನಮ್ಮ ಗೆರೆಯೊಳಗೆ ತಂದು ಕೂರಿಸಿದೆ. ಊರಾಗಿದ್ದರೆ ಮೈಕಿನವನು ಹುಚ್ಚೆದ್ದು ಕೂಗುತ್ತಿದ್ದ. ಇಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಕೆನಡಾದವನು ಮೆಲ್ಲಗೆ, "ಈಗ ನನ್ನನ್ನು ಇಳಿಸಬಹುದು" ಎಂದ.

ಕರ್ಟಿಸ್ ನನ್ನ ಕೈಗಳನ್ನು ತಿರುಗಿಸಿ ನೋಡಿದ. "ಒಳ್ಳೆಯ ಕೈಗಳು, ತಪ್ಪು ದೇಶದಲ್ಲಿವೆ. ಮುಷ್ಟಿಯಲ್ಲಿ ಏನಾದರೂ ಹಿಡಿದುಕೊಂಡು ಅಭ್ಯಾಸ ಮಾಡು. ನಾವು ಟೆನಿಸ್ ಚೆಂಡು ಹಿಡಿಯುತ್ತಿದ್ದೆವು. ಕೈ ತುಂಬಿದ್ದರೆ ಬೆರಳಿಗೆ ಬೇರೆ ಆಸೆ ಬರುವುದಿಲ್ಲ" ಎಂದ.

ಕೋಣೆಯಲ್ಲಿ ಟೆನಿಸ್ ಚೆಂಡು ಎಲ್ಲಿಂದ ಬರಬೇಕು? ಮೀನು ಸಾರಿಗೆಂದು ತಂದಿಟ್ಟ ನಿಂಬೆಹಣ್ಣುಗಳಿದ್ದವು. ಎರಡು ತೆಗೆದುಕೊಂಡೆ. ಎದುರಾಳಿಯಾಗಿ ಭಾಸ್ಕರಣ್ಣನನ್ನು ಪುಸಲಾಯಿಸಿ ಸಂಜೆ ತಾರಸಿಗೆ ಕರೆದುಕೊಂಡು ಹೋದೆ. "ಎಂತ ಮಾಡ್ಬೇಕು ನಾನು?" ಎಂದರು. "ಏನೂ ಬೇಡ ಅಣ್ಣ, ನನ್ನನ್ನು ದಾಟಿ ಆ ನೀರಿನ ಟ್ಯಾಂಕಿ ಮುಟ್ಟಿ" ಎಂದೆ. ಅವರು ಲುಂಗಿ ಎತ್ತಿ ಕಟ್ಟಿದರು. ನಾನು ಎರಡು ಮುಷ್ಟಿಯಲ್ಲಿ ಎರಡು ನಿಂಬೆಹಣ್ಣು ಹಿಡಿದು ಮೊಣಕಾಲು ಮಡಿಸಿ ಅರ್ಧ ಕೂತೆ. ಅವರು ನುಗ್ಗಿದರು, ನಾನು ಹೂಂಕರಿಸಿ ಎದೆಗೆ ಕೊಟ್ಟೆ. ವಾರಗಟ್ಟಲೆ ಇದೇ ನಡೆಯಿತು. ಹಣ್ಣು ಒಡೆದು ರಸ ಸುರಿದರೆ ನಾನು ಹಿಡಿದೆ ಎಂದು ಅರ್ಥ. ಮೊದಮೊದಲು ತಾರಸಿಯಿಡೀ ಉಪ್ಪಿನಕಾಯಿ ಹಾಕುವ ಮನೆಯಂತೆ ಘಮಘಮಿಸುತ್ತಿತ್ತು.

ನಮ್ಮ ಕಟ್ಟಡದ ನಾತೂರ್, ಎಂದರೆ ಕಾವಲಿನವರು, ಮಲಬಾರಿನ ಕುಂಞಾಮುಕ್ಕ. ಕೆಳಗೆ ಮೆಟ್ಟಿಲಲ್ಲಿ ಹಿಂಡಿದ ನಿಂಬೆಹಣ್ಣುಗಳನ್ನು ಕಂಡು ಅವರ ಮನಸ್ಸಿನಲ್ಲಿ ಒಂದು ಸಂಶಯ ಎದ್ದಿತ್ತು. ಒಂದು ಸಂಜೆ ಸದ್ದಾಗದಂತೆ ಮೇಲೆ ಬಂದು ಇಣುಕಿದ್ದಾರೆ. ಕಂಡದ್ದೇನು? ಒಬ್ಬ ದಡಿಯ ಕೈಯಲ್ಲಿ ನಿಂಬೆಹಣ್ಣು ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು, ಅರ್ಧ ಕೂತು ಹೂಂಕರಿಸುತ್ತಿದ್ದಾನೆ. ಎದುರಿಗೆ ಲುಂಗಿಯವನೊಬ್ಬ ಮೈಮೇಲೆ ಬಂದವನಂತೆ ಕುಣಿಯುತ್ತಿದ್ದಾನೆ.

"ಯಾ ಅಲ್ಲಾ! ಇವಿಡೆ ಮಂತ್ರವಾದಂ ಮಾಫಿ!" ಎಂದು ಕಿರುಚಿದರು. ಇಲ್ಲಿ ಮಾಟಮಂತ್ರ ನಡೆಯುವುದಿಲ್ಲ ಎಂದು.

"ಮಂತ್ರ ಅಲ್ಲ ಇಕ್ಕ, ಫುಟ್‌ಬಾಲ್!" ಎಂದೆ.

"ಬಾಲ್ ಎವಿಡೆ?" ಎಂದು ಕೇಳಿದರು. ಚೆಂಡು ಎಲ್ಲಿ?

ನ್ಯಾಯವಾದ ಪ್ರಶ್ನೆ. ಚೆಂಡಿಲ್ಲದ ಫುಟ್‌ಬಾಲನ್ನು ಮಲಬಾರಿನವರಿಗೆ ವಿವರಿಸಿ ಒಪ್ಪಿಸುವುದು ಮಂತ್ರವಾದಕ್ಕಿಂತ ಕಷ್ಟ. ಕಟ್ಟಡದ ಮಾಲೀಕನಿಗೆ ಹೇಳಿಬಿಡುತ್ತೇನೆ ಎಂದು ಹೊರಟವರನ್ನು ಭಾಸ್ಕರಣ್ಣ ಕೈಹಿಡಿದು ಕೂರಿಸಿ, ಅವರ ಕೈಗೇ ಒಂದು ನಿಂಬೆಹಣ್ಣು ಕೊಟ್ಟು ತಳ್ಳಿಸಿ ತೋರಿಸಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಅಂದಿನಿಂದ ಅವರೇ ತಾರಸಿಗೆ ಬಂದು ಟ್ಯಾಂಕಿಯ ಪಕ್ಕ ಕೂತು ನೋಡುತ್ತಿದ್ದರು. ರಸ ಸುರಿದ ಕೂಡಲೇ "ಖಲಾಸ್!" ಎಂದು ಕೂಗುವ ಅಂಪೈರ್ ಕೆಲಸವೂ ಅವರದೇ ಆಯಿತು. ಬರಬರುತ್ತಾ ಹಣ್ಣುಗಳು ಇಡಿಯಾಗಿ ಕೆಳಗೆ ಬಂದು ಸಾರಿಗೆ ಸೇರತೊಡಗಿದವು. ಪಿಕಪ್ಪಿನಲ್ಲಿ ಈ ನಿಂಬೆಹಣ್ಣಿನ ಕಥೆ ಹೇಳಿದರೆ ಕರ್ಟಿಸ್ ಸ್ಟಿಯರಿಂಗ್ ಬಡಿದು ಬಡಿದು ನಕ್ಕ.

ಆಗಲೇ ಎಡವಟ್ಟಾದದ್ದು. ತುಳುವರ ಕಬಡ್ಡಿ ಪಂದ್ಯಾಟ ಬಂತು. ಕತಾರಿನಲ್ಲಿ ನಮ್ಮವರು ಎಲ್ಲೆಲ್ಲಿ ಚದುರಿದ್ದರೋ ಅಲ್ಲಿಂದ, ಉತ್ತರದ ತುದಿಯ ಅಲ್ ಶಮಾಲ್‌ನಿಂದಲೂ ತಂಡಗಳು ಬಂದಿದ್ದವು. ಭಾಸ್ಕರಣ್ಣ ಕಾರ್ನರ್, ನಾನು ಕವರ್, ಕೈಕೈ ಹಿಡಿದು ನಿಂತಿದ್ದೆವು. ಸೆಮಿಫೈನಲಿನ ಕೊನೆಯ ಹೊತ್ತು, ಒಂದೇ ಅಂಕದ ಅಂತರ. ಎದುರಿನ ರೈಡರ್ ಒಳಗೆ ಬಂದ. ಭಾಸ್ಕರಣ್ಣ ಪಾದಕ್ಕೆ ಬಿದ್ದರು. ನನ್ನ ಕೆಲಸ ಅವನ ಸೊಂಟ ಹಿಡಿಯುವುದು, ಅಷ್ಟೆ. ನಾನು ಹಿಡಿಯಲಿಲ್ಲ. ಎರಡು ಮುಷ್ಟಿ ಕಟ್ಟಿ ಅವನ ಎದೆಗೆ ಕೊಟ್ಟೆ. ಅವನು ಭಾಸ್ಕರಣ್ಣನ ಕೈಯಿಂದ ಕಳಚಿಕೊಂಡು ಗೆರೆಯಾಚೆ ಕುರ್ಚಿಗಳ ಮೇಲೆ ಹೋಗಿ ಬಿದ್ದ. ಕಬಡ್ಡಿಯಲ್ಲಿ ಬೇಕೆಂದೇ ಹೊರಗೆ ತಳ್ಳಿದರೆ ರೈಡರ್ ಔಟಾಗುವುದಿಲ್ಲ. ಸೀಟಿ ಕೇಳಿತು. ನಾವು ಸೋತೆವು.

ಭಾಸ್ಕರಣ್ಣ ನೆಲದಲ್ಲಿ ಬಿದ್ದಲ್ಲಿಂದಲೇ ನನ್ನನ್ನು ನೋಡಿದರು. "ಹಿಡಿಲಿಕ್ಕೆ ಆಗ್ಲಿಲ್ವನಾ ನಿಂಗೆ? ಒಂದು ಹಿಡಿಲಿಕ್ಕೆ?" ಎಂದರು. "ಹುಟ್ಟಿದ್ದಲ್ಲಿಂದ ಮಾಡಿದ್ದನ್ನು ಎರಡು ತಿಂಗಳಲ್ಲಿ ಮರ್ತಿಯಲ್ಲ. ಅದೂ ನಾನೇ ಕೂತು ಮರೆಸಿದ್ದು ಮಾರಾಯ!" ಬೈಗುಳಕ್ಕಿಂತ ಆ ಕೊನೆಯ ಮಾತು ನನಗೆ ಹೆಚ್ಚು ತಾಗಿತು. ಅಲ್ಲಿ ಹಿಡಿದರೆ ತಪ್ಪು, ಇಲ್ಲಿ ತಳ್ಳಿದರೆ ತಪ್ಪು. ಎರಡೂ ಕಡೆ ಸಲ್ಲದವನಾಗಿ ಮಂಚದ ಮೇಲೆ ಬಿದ್ದುಕೊಂಡು ಸ್ಟೂಲಿನ ಮೇಲೆ ಚಾಚಿದ ನನ್ನ ಕಾಲುಗಳನ್ನೇ ನೋಡಿದೆ. ಮಮತಾಳಿಗೆ ಫೋನ್ ಮಾಡಿ ಹೇಳಿದರೆ ಅವಳು ಎಲ್ಲ ಕೇಳಿ, "ನೀವು ಅಲ್ಲಿಗೆ ಹೋದದ್ದು ಕೆಲಸಕ್ಕೋ, ಕುಸ್ತಿಗೋ?" ಎಂದಳು. ಆಮೇಲೆ, "ಆ ಅಮೆರಿಕದವ ನಿಮ್ಮ ಹೆಸರು ಕರೆದ್ನಾ?" ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. "ಕರೀತಾನೆ ಬಿಡಿ" ಎಂದಳು. ಆಟ ಏನೆಂದು ಅವಳಿಗೆ ಗೊತ್ತಿರಲಿಲ್ಲ, ನಾನು ಕಾಯುತ್ತಿರುವುದು ಏನನ್ನು ಎಂದು ಗೊತ್ತಿತ್ತು.

ದುಬೈಯವರ ಪಂದ್ಯದ ಹಿಂದಿನ ವಾರ ಅಭ್ಯಾಸ ಮುಗಿದ ಮೇಲೆ ಕರ್ಟಿಸ್ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿದ. ನಾನು ಹೆಲ್ಮೆಟ್ ಕೂಡ ತೆಗೆಯದೆ ಎಲ್ಲರ ಹಿಂದೆ ಕೂತೆ. ಮೇಷ್ಟ್ರ ಹೆಸರು ಬಂತು. ಓಡುವವರ, ಹಿಡಿಯುವವರ ಹೆಸರು ಬಂತು. ಕೊನೆಗೆ ಗೋಡೆಯವರು. ನಡುವಿನವನು, ಬಲಗಡೆಯ ಇಬ್ಬರು, ಎಡ ಅಂಚಿನವನು. ಉಳಿದದ್ದು ಒಂದೇ ಜಾಗ. ಕರ್ಟಿಸ್ ನನ್ನ ಕಡೆ ನೋಡಲಿಲ್ಲ. "ಲೆಫ್ಟ್ ಗಾರ್ಡ್" ಎಂದ, ನಡುವಿನವನ ಎಡ ಮಗ್ಗುಲಿನ ಜಾಗ. ಆಮೇಲೆ ಅಷ್ಟು ದಿನ ಜಗ್ ಎಂದು ತುಂಡರಿಸಿದ್ದ ಬಾಯಿಯನ್ನು ಪೂರ್ತಿ ತೆರೆದು, ಒಂದೊಂದೇ ಅಕ್ಷರವನ್ನು ಮೆಟ್ಟಿಲು ಹತ್ತುವವನಂತೆ ಹತ್ತಿ, "ಜ-ಗ-ದೀ-ಶ" ಎಂದ. ಎಲ್ಲಿ ಯಾರಿಂದ ಕೇಳಿ ಕಲಿತಿದ್ದನೋ ಗೊತ್ತಿಲ್ಲ. ಹೆಲ್ಮೆಟ್ ತೊಟ್ಟುಕೊಂಡೇ ಇದ್ದದ್ದರಿಂದ ನನ್ನ ಮುಖ ಯಾರಿಗೂ ಕಾಣಲಿಲ್ಲ, ಒಳ್ಳೆಯದೇ ಆಯಿತು.

ಪಂದ್ಯದ ದಿನ ಭಾಸ್ಕರಣ್ಣ ಬರುತ್ತಾರೆಂದು ನಾನು ನಂಬಿರಲಿಲ್ಲ. ಸೆಮಿಫೈನಲಿನಿಂದೀಚೆಗೆ ಅವರು ನನ್ನೊಡನೆ ಉಪ್ಪು, ಗ್ಯಾಸು, ಬಾತ್‌ರೂಮು, ಇಷ್ಟೇ ವಿಷಯ ಮಾತಾಡುತ್ತಿದ್ದದ್ದು. ಆದರೆ ನೋಡಿದರೆ, ಬಾರ್ಬೆಕ್ಯೂ ಹೊಗೆಯ ನಡುವೆ, ಟೋಪಿ ಹಾಕಿದ ಅಮೆರಿಕದ ಹೆಂಗಸರು ಮಕ್ಕಳ ಪಕ್ಕದಲ್ಲಿ ನಮ್ಮ ಕೋಣೆಯೇ ಸಾಲಾಗಿ ನಿಂತಿದೆ. ಕುಂಞಾಮುಕ್ಕ ಇಸ್ತ್ರಿ ಅಂಗಿ ಹಾಕಿದ್ದಾರೆ. ಭಾಸ್ಕರಣ್ಣ ಕೋಚಿನ ಪಕ್ಕದಲ್ಲೇ, ಅಲ್ಲಿ ಯಾರೂ ನಿಲ್ಲಬಾರದು ಎಂದು ತಿಳಿಯದೆ, ಕೈಕಟ್ಟಿ ನಿಂತಿದ್ದಾರೆ. ಕರ್ಟಿಸ್ ಅವರನ್ನು ಕಳಿಸಲಿಲ್ಲ.

ನನ್ನೆದುರು ನಿಂತ ದುಬೈಯವನು ಕಲ್ಲುಬಂಡೆ. ಮೊದಲರ್ಧದಲ್ಲಿ ಒಮ್ಮೆ ನನ್ನ ಬೆರಳು ಮೋಸ ಮಾಡಿದವು. ಹಳದಿ ಬಟ್ಟೆ ಬಿತ್ತು, ಮೇಷ್ಟ್ರು ಎಸೆದು ಗಳಿಸಿದ ದೂರವೆಲ್ಲ ನೀರಿನಲ್ಲಿ ಹೋಮವಾಯಿತು. ಕರ್ಟಿಸ್ ಎರಡು ಮುಷ್ಟಿ ಎತ್ತಿ ತೋರಿಸಿದ, ಅಷ್ಟೆ. ಆಮೇಲೆ ನಾನು ಹಿಡಿಯಲಿಲ್ಲ. ಆದರೆ ಅಂಕದಲ್ಲಿ ನಾವು ಹಿಂದೆಯೇ ಉಳಿದೆವು. ಕೊನೆಗೆ ಒಂದೇ ಒಂದು ಎಸೆತಕ್ಕೆ ಸಮಯ ಉಳಿಯಿತು. ಮೇಷ್ಟ್ರಿಗೆ ಎಸೆಯಲು ಎಷ್ಟು ಉಸಿರಿನ ಹೊತ್ತು ಬೇಕೋ ಅಷ್ಟು ಹೊತ್ತು ನಾವು ನಿಲ್ಲಬೇಕು.

ಚೆಂಡು ಹಿಂದಕ್ಕೆ ಹೋಯಿತು. ಬಂಡೆ ನನ್ನ ಮೇಲೆ ಬಂತು. ಎದೆಗೆ ಕೊಟ್ಟೆ. ಅವನು ಎಡಕ್ಕೆ ಹೊರಳಿದ, ನಾನೂ ಹೊರಳಿದೆ. ಅವನ ತೋಳು ನನ್ನ ಕಂಕುಳ ಕೆಳಗೆ ನುಸುಳಿತು. ಅವನು ದಾಟಿಯೇ ಬಿಟ್ಟ ಎನ್ನುವಾಗ ನನ್ನ ಕೈಗೆ ಅವನ ಅಂಗಿ ತಾಗಿತು, ಒಂದು ಹಿಡಿ ಬಟ್ಟೆ, ಹಿಡಿದುಕೋ ಎಂದು ಕರೆಯುವಂತೆ. ಸರಿಯಾಗಿ ಆಗಲೇ ಬದಿಯಿಂದ ಭಾಸ್ಕರಣ್ಣನ ಗಂಟಲು ಕೇಳಿತು. ಎಲ್ಲ ಕೋಪ ಮರೆತ, ಊರ ಮೈದಾನದ ಗಂಟಲು.

"ಪತ್ತ್ ಜಗ್ಗ! ಬುಡಡ! ಬುಡಡ!"

ಹಿಡಿ, ಬಿಡಬೇಡ ಎಂದು. ನಮ್ಮ ತುಳುವಿನಲ್ಲಿ. ಆ ಮಾತು ಕೇಳಿ ಹಿಡಿಯದೆ ಇದ್ದದ್ದು ನನ್ನ ಮೈಗೆ ಗೊತ್ತೇ ಇಲ್ಲ. ಅದೇ ಹೊತ್ತಿಗೆ ಅದೇ ಜಾಗದಿಂದ ಕರ್ಟಿಸ್ ಕೂಗುತ್ತಿದ್ದ, "ನಿಂಬೆಹಣ್ಣು, ಜಗ್! ನಿಂಬೆಹಣ್ಣು!"

ಮುಷ್ಟಿ ಕಟ್ಟಿದೆ. ಕೈ ಬಿಟ್ಟು ಕಾಲು ಓಡಿಸಿದೆ. ಅವನಿಗಿಂತ ಒಂದು ಹೆಜ್ಜೆ ಮೊದಲು ಅವನ ದಾರಿಗೆ ಬಿದ್ದು ಎದೆಯಿಡೀ ಕೊಟ್ಟೆ. ಇಬ್ಬರೂ ನೆಲಕ್ಕೆ ಬಿದ್ದೆವು. ಮತ್ತೆ ಆಕಾಶ ಕಂಡಿತು. ಆ ಆಕಾಶದಲ್ಲಿ ಮೇಷ್ಟ್ರು ಎಸೆದ ಚೆಂಡು ನನ್ನ ಮೇಲಿಂದ ಹಾದುಹೋಯಿತು. ಅದು ಎಲ್ಲಿ ಬಿತ್ತು, ಯಾರು ಹಿಡಿದರು, ನಾನು ನೋಡಲಿಲ್ಲ. ಕೂಗು ಕೇಳಿ ತಿಳಿಯಿತು. ಎದ್ದವನೇ ತಿರುಗಿ ಮೇಷ್ಟ್ರ ಅಂಗಿ ನೋಡಿದೆ. ಬಿಳಿಯ ಅಂಗಿ, ಬೆಳ್ಳಗೇ ಇತ್ತು.

ಭಾಸ್ಕರಣ್ಣ ಓಡಿಬಂದರು. "ನಾವು ಗೆದ್ದದ್ದಾ ಜಗ್ಗ?" ಎಂದು ಕೇಳಿದರು. ಗೆದ್ದದ್ದು ಯಾರೆಂದು ಅವರಿಗೆ ತಿಳಿದಿರಲಿಲ್ಲ, ಆದರೆ 'ನಾವು' ಎಂದರು.

"ಗೆದ್ದದ್ದು ಅಣ್ಣ."

"ಮತ್ತೆ ನೀನು ಬಾಲ್ ಮುಟ್ಲೇ ಇಲ್ಲ ಅಲ್ಲನಾ? ಇಡೀ ಆಟ ನೋಡಿದೆ ನಾನು, ಒಮ್ಮೆ ಸಾ ಮುಟ್ಲಿಲ್ಲ!"

ಅವರ ತಂಡಗಳಲ್ಲಿ ಒಂದು ಪದ್ಧತಿ ಉಂಟು. ಗೆದ್ದ ಪಂದ್ಯದ ಚೆಂಡನ್ನು ಆ ದಿನ ಎದ್ದು ಕಂಡ ಒಬ್ಬನಿಗೆ ಕೊಡುತ್ತಾರೆ. ಅದು ಹೆಚ್ಚಾಗಿ ಎಸೆದವನಿಗೋ ಹಿಡಿದವನಿಗೋ ಹೋಗುತ್ತದೆ. ಮೇಷ್ಟ್ರ ಕೈಗೆ ಚೆಂಡು ಕೊಟ್ಟರು. ಮೇಷ್ಟ್ರು ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡು, ಸೀದಾ ನಡೆದುಬಂದು ಅದನ್ನು ನನ್ನ ಎದೆಗೆ ಒತ್ತಿದರು. ನನ್ನ ಕೈಗಳು ಇನ್ನೂ ಮುಷ್ಟಿಯಾಗಿಯೇ ಇದ್ದವು. ಬೆರಳು ಬಿಚ್ಚಲಿಕ್ಕೇ ಮರೆತು ಹಾಗೇ ನಿಂತೆ. ಕರ್ಟಿಸ್ ಮುಖ ಆಚೆ ತಿರುಗಿಸಿಕೊಂಡು ಕನ್ನಡಕ ಒರೆಸುತ್ತಿದ್ದ.

"ಇತ್ತೆ ಪತ್ತ್ ಮಾರಾಯ" ಎಂದರು ಭಾಸ್ಕರಣ್ಣ, ಮೆಲ್ಲಗೆ. ಈಗ ಹಿಡಿ.

ಹಿಡಿದೆ. ಆಡಿ ಮುಗಿಸುವವರೆಗೆ ಹೇಳಬಾರದೆಂದು ಒಂದು ಸುದ್ದಿಯನ್ನು ವಾರವಿಡೀ ಬಚ್ಚಿಟ್ಟಿದ್ದೆ. ನನ್ನ ಹೆಂಡತಿಗೆ ಆ ಸಂಜೆ ಫೋನ್ ಮಾಡಿದಾಗ ನಾನು ಹೇಳಿದ್ದು ಒಂದೇ ಮಾತು, "ಕರೆದರು ಮಾರಾಯ್ತಿ, ಪೂರ್ತಿ ಹೆಸರು." ಅವಳು ಅತ್ತಳು. ನಾನೂ ಸುಮಾರಾಗಿ ಅತ್ತೆ. ಕಾರ್ಡಿನ ಹಣವೆಲ್ಲ ಅದಕ್ಕೇ ಖರ್ಚಾಯಿತು.

ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಚೆಂಡನ್ನು ಪೆಟ್ಟಿಗೆಯಲ್ಲಿ ಇಡಲು ಗಾಳಿ ಬಿಟ್ಟು ಚಪ್ಪಟೆ ಮಾಡಬೇಕಾಯಿತು. ಕರ್ಟಿಸ್ ತನ್ನ ದೇಶಕ್ಕೆ ಮರಳುವಾಗ ನನಗೆ ಒಂದು ಸಣ್ಣ ಕೈಪಂಪು, ಸೂಜಿ ಸಮೇತ, ಕೊಟ್ಟುಹೋಗಿದ್ದ. ಅದು ಅಲ್ ಮನ್ಸೂರಾದಲ್ಲಿ ನನ್ನ ಮಂಚದ ಕೆಳಗೇ ಉಳಿಯಿತು. ಹೆಜಮಾಡಿಯ ಕಪಾಟಿನಲ್ಲಿ, ಕಬಡ್ಡಿಯ ಕಪ್ಪುಗಳ ನಡುವೆ ಮಮತಾ ಚೆಂಡನ್ನು ಇಟ್ಟಳು. ಅದು ಒಣಗಿದ ಪುನರ್ಪುಳಿ ಹಣ್ಣಿನ ಸಿಪ್ಪೆಯಂತೆ ಮುದುಡಿ ಕೂತಿದೆ. ಮನೆಗೆ ಬಂದವರು ಇದೇನು ಎಂದು ಕೇಳುತ್ತಾರೆ. ನಾನು ಊರಲ್ಲಿದ್ದರೆ ಎದ್ದು ನಿಂತು, ಮೊಣಕಾಲು ಮಡಿಸಿ, ಮುಷ್ಟಿ ಕಟ್ಟಿ, ಇಡೀ ಪಂದ್ಯ ಆಡಿ ತೋರಿಸುತ್ತೇನೆ. ಕೇಳಿದವರು ಕಾಫಿ ಲೋಟ ಸಮೇತ ಸ್ವಲ್ಪ ಹಿಂದೆ ಸರಿಯುತ್ತಾರೆ.

ಆ ವರ್ಷವೇ ನಮ್ಮೂರ ಶಾಲೆಯ ಮೈದಾನದ ಕಬಡ್ಡಿಗೆ ನನ್ನನ್ನು ಕರೆದರು. ಯಾವ ಮೈಕಿನಲ್ಲಿ ನನ್ನ ಹೆಸರು ಬರಲೆಂದು ನಾನು ಅಷ್ಟು ವರ್ಷ ಧೂಳಿನಲ್ಲಿ ಕಾದಿದ್ದೆನೋ ಅದೇ ಮೈಕಿನಲ್ಲಿ, "ಕತಾರಿನಿಂದ ಆಗಮಿಸಿದ ಶ್ರೀ ಜಗದೀಶಣ್ಣನವರು ಆಟಗಾರರ ಕೈಕುಲುಕಬೇಕಾಗಿ ವಿನಂತಿ" ಎಂದರು. ಎದ್ದು ಹೋಗಿ ಕೈಕುಲುಕಿದೆ. ಸಂತೋಷವಾಯಿತು, ನಿಜವಾಗಿ. ಆದರೆ ನನ್ನದೇ ಮೈದಾನಕ್ಕೆ ನಾನು ಆಗಮಿಸಿದವನಾಗಿದ್ದೆ. ದೋಹಾದಲ್ಲಿ ನಾನು ಇಂದಿಗೂ ಇಂಡಿಯದ ಜಗ್.

ಈಗ ಪ್ರತಿ ರಜೆಗೆ ಹೊರಡುವ ಮೊದಲು ಮಮತಾ ಫೋನಿನಲ್ಲಿ ನೆನಪಿಸುತ್ತಾಳೆ, "ಈ ಸಲವಾದ್ರೂ ಆ ಪಂಪು ತನ್ನಿ, ಚೆಂಡಿಗೆ ಗಾಳಿ ಹಾಕಿಡುವಾ." ಬಂದಿಳಿದ ಮೇಲೆ ಪೆಟ್ಟಿಗೆಯೆಲ್ಲ ಹುಡುಕಿ, "ಮತ್ತೆ ಮರೆತಿರಾ?" ಎಂದು ಬೈಯುತ್ತಾಳೆ. ಮರೆತೆ ಎನ್ನುತ್ತೇನೆ. ಮರೆತದ್ದಲ್ಲ. ಹೊರಡುವ ದಿನ ಮಂಚದ ಕೆಳಗೆ ಬಗ್ಗಿ ಅದನ್ನು ಕೈಗೆ ತೆಗೆದುಕೊಳ್ಳುತ್ತೇನೆ, ಒರೆಸುತ್ತೇನೆ, ಅಲ್ಲೇ ಇಟ್ಟು ಬರುತ್ತೇನೆ. ಅದನ್ನೂ ತಂದುಬಿಟ್ಟರೆ ಅಲ್ಲಿ ನನ್ನದು ಎಂಬುದು ಏನೂ ಉಳಿಯುವುದಿಲ್ಲ.